ಧ್ವನಿಮುದ್ರಿಕೆಯ ಹೊದಿಕೆ ಮತ್ತು ಕಲಾವಿದನ ಬಿಂಬ: ಬೀಟಲ್ಸ್ ತಂಡದ ಐದು ಮುಖಚಿತ್ರಗಳು

ಧ್ವನಿಮುದ್ರಿಕೆಯ ಹೊದಿಕೆಯನ್ನು ತಟ್ಟೆಯ ರಕ್ಷಾಕವಚವೆಂದೋ ಮಾರಾಟದ ಸಾಧನವೆಂದೋ ಬಗೆಯುವುದು ವಾಡಿಕೆ. 1940ರ ಸುಮಾರಿಗೆ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಹೊದಿಕೆಗೆ ಚಿತ್ರವಿನ್ಯಾಸವನ್ನು ತಂದ ಮೇಲೆ ಈ ಎಣಿಕೆ ಸಾಲದಾಯಿತು. ಹಾಡು ಕಿವಿಗೆ ಬೀಳುವ ಮುನ್ನವೇ ಕಲಾವಿದನ ಕುರಿತ ಒಂದು ಕಲ್ಪನೆ ಕಣ್ಣಿನ ಮೂಲಕ ಕೇಳುಗನಲ್ಲಿ ಮೂಡತೊಡಗಿತು. ಆ ಕಲ್ಪನೆಯ ಕರ್ತೃ ಯಾರು? ಇಂಗ್ಲೆಂಡಿನ ಬೀಟಲ್ಸ್ ತಂಡದ ಐದು ಹೊದಿಕೆಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಮೊದಲ ಎಲ್.ಪಿ. 'ಪ್ಲೀಸ್ ಪ್ಲೀಸ್ ಮಿ'ಯಲ್ಲಿ (1963) ನಾಲ್ವರು ಯುವಕರು ಕಂಪನಿಯ ಕಚೇರಿಯ ಮಹಡಿ ಮೆಟ್ಟಿಲ ಕಟಕಟೆಯಿಂದ ಕೆಳಗೆ ಬಾಗಿ ನಗುತ್ತಾರೆ. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ವಾಚ್ಯದಲ್ಲೇ ಮುಗಿಯುವ ಚಿತ್ರ. ಅದೇ ವರ್ಷದ 'ವಿತ್ ದ ಬೀಟಲ್ಸ್'ನಲ್ಲಿ ಛಾಯಾಗ್ರಾಹಕ ರಾಬರ್ಟ್ ಫ್ರೀಮನ್ ನಗುವನ್ನು ಕೈಬಿಟ್ಟು, ಮುಖಗಳ ಅರ್ಧವನ್ನು ಕತ್ತಲಲ್ಲಿರಿಸಿದರು. ರಂಜಕರು ಗಂಭೀರ ಕಲಾವಿದರಾಗಿ ತೋರಿದರು. ಹಾಡುಗಳಲ್ಲಿ ಅಷ್ಟು ದೊಡ್ಡ ಪಲ್ಲಟವಿರಲಿಲ್ಲ. ಹೊದಿಕೆ ಸಂಗೀತಕ್ಕಿಂತ ಮುಂದೆ ನಡೆದಿತ್ತು.

ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ರೂಪಿಸಿದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' (1967) ಇವುಗಳಲ್ಲಿ ಅತ್ಯಂತ ಸಂಕೀರ್ಣವಾದುದು. ಬಣ್ಣದ ಸಮವಸ್ತ್ರ ತೊಟ್ಟ ನಾಲ್ವರ ಪಕ್ಕದಲ್ಲೇ ಅವರ ಹಳೆಯ ರೂಪದ ಮೇಣದ ಗೊಂಬೆಗಳಿವೆ. ಮುಂದೆ ಹೂವಿನ ಪಾತಿ. ತಂಡ ತನ್ನದೇ ಪೂರ್ವಬಿಂಬಕ್ಕೆ ವಿದಾಯ ಹೇಳುತ್ತಿರುವಂತೆ ಇದನ್ನು ಓದಬಹುದು. ಹಿಂದೆ ನೆರೆದ ಗಣ್ಯರ ಸಾಲಿನಲ್ಲಿ ಪರಮಹಂಸ ಯೋಗಾನಂದರು ಉಳಿದರು; ಗಾಂಧೀಜಿಯವರ ಚಿತ್ರ ಉಳಿಯಲಿಲ್ಲ. ಭಾರತದ ಜನ ನೊಂದುಕೊಂಡಾರೆಂಬ ಅಳುಕಿನಿಂದ ಇ.ಎಂ.ಐ. ಕಂಪನಿ ಅದನ್ನು ತೆಗೆಸಿತು. ಕಲಾವಿದರ ಸ್ವಘೋಷಣೆಯೆಂದು ಮೆಚ್ಚಲಾದ ಈ ಚಿತ್ರಕ್ಕೂ ಕಂಪನಿಯ ಅಂಕಿತ ಬೇಕಾಗಿತ್ತು ಎಂಬುದನ್ನು ವಿಮರ್ಶೆ ಮರೆಯಬಾರದು.

ಮರುವರ್ಷ ರಿಚರ್ಡ್ ಹ್ಯಾಮಿಲ್ಟನ್ ಎಲ್ಲವನ್ನೂ ಅಳಿಸಿದರು. ಬಿಳಿಯ ಹಾಳೆ, ಅದರಲ್ಲಿ ಬಣ್ಣವಿಲ್ಲದೆ ಉಬ್ಬಿದ ಹೆಸರು, ಪ್ರತಿಗೊಂದು ಕ್ರಮಸಂಖ್ಯೆ. ಲಕ್ಷಗಟ್ಟಲೆ ಅಚ್ಚಾಗುವ ಸರಕಿಗೆ ಸಂಖ್ಯೆ ಹಾಕಿ ಅದನ್ನು ಅಪೂರ್ವವೆನಿಸುವುದರಲ್ಲಿ ತೆಳುವಾದ ವ್ಯಂಗ್ಯವಿದೆ. ಆದರೆ ಈ ಮೌನ ಪ್ರಸಿದ್ಧರಿಗಷ್ಟೇ ಒಪ್ಪುತ್ತದೆ. ಹೊಸಬರ ಹೊದಿಕೆ ಹೀಗಿದ್ದರೆ ಅದು ಬರಿಯ ಖಾಲಿ ಹಾಳೆ.

'ಅಬ್ಬೆ ರೋಡ್'ನ (1969) ಮುಖಪುಟದಲ್ಲಿ ತಂಡದ ಹೆಸರೂ ಇಲ್ಲ, ಶೀರ್ಷಿಕೆಯೂ ಇಲ್ಲ. ರಸ್ತೆ ದಾಟುವ ನಾಲ್ವರಿದ್ದಾರೆ. ಪಾಲ್ ಮೆಕಾರ್ಟ್ನಿಯವರ ಬರಿಗಾಲನ್ನು ಕಂಡ ಕೆಲವು ಅಭಿಮಾನಿಗಳು, ಅವರು ತೀರಿಕೊಂಡಿದ್ದಾರೆಂಬ ವದಂತಿಗೆ ಅದನ್ನೇ ಸಾಕ್ಷಿಯಾಗಿಸಿದರು. ಹೊದಿಕೆ ಹೇಳುವುದನ್ನು ಕಡಿಮೆ ಮಾಡಿದಷ್ಟೂ ಪ್ರೇಕ್ಷಕ ತುಂಬಿಕೊಳ್ಳುವುದು ಹೆಚ್ಚಾಯಿತು. ಎಲ್ಲ ಸೂಚನೆಯೂ ಧ್ವನಿಯಲ್ಲ, ಎಲ್ಲ ಓದುಗನೂ ಸಹೃದಯನಲ್ಲ ಎಂಬುದಕ್ಕೂ ಇದು ನಿದರ್ಶನ.

ಆದುದರಿಂದ ಹೊದಿಕೆಯನ್ನು ಕಲಾವಿದನ ಆತ್ಮಚಿತ್ರವೆಂದು ಓದುವುದು ಏಕಮುಖವಾಗುತ್ತದೆ. ಕಲಾವಿದ, ವಿನ್ಯಾಸಕಾರ, ಕಂಪನಿ ಮತ್ತು ಪ್ರೇಕ್ಷಕ, ಈ ನಾಲ್ವರ ಕೊಡುಕೊಳೆಯಲ್ಲಿ ಅಲ್ಲಿನ ಬಿಂಬ ರೂಪುಗೊಳ್ಳುತ್ತದೆ. ಇಂದು ಹೊದಿಕೆ ದೂರವಾಣಿಯ ಪರದೆಯ ಮೇಲೆ ಹೆಬ್ಬೆರಳಗಲಕ್ಕೆ ಕುಗ್ಗಿದೆ. ಹೀಗಿರುವಾಗ ಗ್ರಂಥಾಲಯಗಳು ಮುದ್ರಿಕೆಯೊಡನೆ ಮೂಲ ಹೊದಿಕೆಯನ್ನೂ ಕಾಪಾಡಿ, ವಿನ್ಯಾಸಕಾರರ ಹೆಸರನ್ನೂ ಸೂಚಿಯಲ್ಲಿ ದಾಖಲಿಸುವುದು ಅಗತ್ಯ. ಹಾಡು ಬೇರೆ ರೂಪಗಳಲ್ಲಿ ಉಳಿದೀತು. ಅದನ್ನು ಒಂದು ಕಾಲ ಹೇಗೆ ಕಂಡಿತೆಂಬುದಕ್ಕೆ ಹೊದಿಕೆಯೇ ಆಕರ.