ಎಟಿ ಅಂದರೆ ಓಕೆ: ಒಂದು ಹಳೆಯ ಭಾಷೆಯ ಗುಣದೋಷ

ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಡಬ್ಬಿಯ ಮುಚ್ಚಳ ಬಿಚ್ಚಿದರೆ ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಜಿಎಸ್‌ಎಂ ಮೋಡೆಮ್ ಕಾಣುತ್ತದೆ. ಮನೆಯಲ್ಲಿ ಕೂತು ಒಂದು ಕರೆ ಮಾಡಿದರೆ ತೋಟದ ಬೋರ್‌ವೆಲ್ ಮೋಟಾರು ಆನ್ ಆಗುವುದು ಇದರ ದೆಸೆಯಿಂದಲೇ. ಕರೆಂಟಿನ ಮೀಟರು, ಮಳೆಮಾಪಕಗಳಲ್ಲೂ ಇದರ ಬಂಧುಬಳಗವಿದೆ. ಒಳಗಿನ ಕಂಟ್ರೋಲರು ಮೋಡೆಮ್ಮಿನ ಜೊತೆ ಮಾತಾಡುವುದು ಸೀರಿಯಲ್ ತಂತಿಗಳ ಮೇಲೆ: ಹೇಳಲು ಒಂದು, ಕೇಳಲು ಒಂದು, ಜೊತೆಗೊಂದು ಗ್ರೌಂಡು. ಆಡುವ ಭಾಷೆ ಮಾತ್ರ 1981ರದು.

ಆ ವರ್ಷ ಅಮೆರಿಕದ ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ತಮ್ಮ ಸ್ಮಾರ್ಟ್‌ಮೋಡೆಮ್ ಮಾರುಕಟ್ಟೆಗೆ ತಂದರು. ವೇಗ ಸೆಕೆಂಡಿಗೆ 300 ಬಿಟ್. ಅವರ ಮುಂದಿದ್ದ ತೊಡಕು ಒಂದೇ: ಮಾಹಿತಿ ಹೋಗುವ ತಂತಿಯಲ್ಲೇ ಅಪ್ಪಣೆಯೂ ಹೋಗಬೇಕು. ಪ್ರತಿ ಅಪ್ಪಣೆಯ ಮುಂದೆ ‘ಎಟಿ’ ಎಂಬ ಎರಡಕ್ಷರ ಇಟ್ಟರು. ಅಟೆನ್ಷನ್ ಪದದ ಮೊದಲೆರಡು ಅಕ್ಷರಗಳವು, ನಮ್ಮ ಮಾತಿನಲ್ಲಿ ‘ಕೇಳಪ್ಪಾ’ ಅಂದಹಾಗೆ. ಆ ಎರಡಕ್ಷರದ ಬಿಟ್‌ಗಳನ್ನು ಅಳೆದೇ ಎದುರಿನವರ ವೇಗ ಎಷ್ಟೆಂದು ಮೋಡೆಮ್ ಕಂಡುಕೊಳ್ಳಬಲ್ಲದು. ಸಂಪರ್ಕದ ನಡುವೆ ಅಪ್ಪಣೆ ಕೊಡಬೇಕೆಂದರೆ ಒಂದು ಸೆಕೆಂಡು ಸುಮ್ಮನಿದ್ದು, ಮೂರು ಪ್ಲಸ್ ಒತ್ತಿ, ಮತ್ತೆ ಒಂದು ಸೆಕೆಂಡು ಸುಮ್ಮನಿರಬೇಕು. ಮೌನವನ್ನೂ ಭಾಷೆಯ ಭಾಗ ಮಾಡಿದ ಈ ಜಾಣತನಕ್ಕೆ ತಲೆದೂಗಲೇಬೇಕು. ಮುಂದೆ ಜಿಎಸ್‌ಎಂ ಮಾನಕ ಬರೆದವರು ಇದೇ ಭಾಷೆಗೆ ಸಿಮ್, ಸಿಗ್ನಲ್, ಎಸ್ಸೆಮ್ಮೆಸ್ಸಿನ ಪದಗಳನ್ನು ಸೇರಿಸಿದರು. 4ಜಿ ಮೋಡೆಮ್ಮಿಗೂ ಇವತ್ತು ‘ಎಟಿ’ ಅಂದರೆ ‘ಓಕೆ’ ಅನ್ನುತ್ತದೆ.

ಇಷ್ಟು ದಿನ ಇದು ಬಾಳಿದ್ದೇಕೆ? ಮನುಷ್ಯ ಕೈಯಾರೆ ಟೈಪು ಮಾಡಿ ಇದರ ಜೊತೆ ಮಾತಾಡಬಹುದು, ಅದಕ್ಕೆ. ನೂರಿನ್ನೂರು ರೂಪಾಯಿಯ ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಮತ್ತು ಲ್ಯಾಪ್‌ಟಾಪ್ ಸಾಕು. ‘ಎಟಿ+ಸಿಪಿನ್?’ ಎಂದರೆ ಸಿಮ್ ಸಿದ್ಧವೋ ಇಲ್ಲವೋ ಹೇಳುತ್ತದೆ. ‘ಎಟಿ+ಸಿಆರ್‌ಇಜಿ?’ ಎಂದರೆ ನೆಟ್‌ವರ್ಕಿನ ವರದಿ: ಉತ್ತರದ ಎರಡನೇ ಅಂಕಿ 1 ಆದರೆ ಸ್ವಂತ ನೆಟ್‌ವರ್ಕು, 5 ಆದರೆ ರೋಮಿಂಗು, 2 ಆದರೆ ಇನ್ನೂ ಹುಡುಕಾಟ, 3 ಆದರೆ ಬಾಗಿಲು ಮುಚ್ಚಿ ಕಳಿಸಿದ್ದಾರೆ. ಇಷ್ಟು ನೇರವಾಗಿ ತನ್ನ ಸ್ಥಿತಿ ಹೇಳಿಕೊಳ್ಳುವ ಯಂತ್ರಗಳು ಕಡಿಮೆ.

ದೋಷಗಳೂ ಸಣ್ಣವಲ್ಲ. ಮೊದಲನೆಯದು ‘ಎರರ್’ ಎಂಬ ಒಂಟಿ ಪದ. ಸಿಮ್ ಇಲ್ಲದಿದ್ದರೂ ಎರರ್, ಉದ್ಧರಣ ಚಿಹ್ನೆ ಬಿಟ್ಟುಹೋದರೂ ಎರರ್. ‘ಎಟಿ+ಸಿಎಂಇಇ=2’ ಎಂದು ಮೊದಲೇ ಹೇಳಿದರೆ ಅದೇ ಮೋಡೆಮ್ ‘ಸಿಮ್ ಹಾಕಿಲ್ಲ’ ಎಂದು ಕಾರಣ ಸಮೇತ ಉತ್ತರಿಸುತ್ತದೆ. ಆ ವಿವರವನ್ನು ಕೇಳಿದವರಿಗೆ ಮಾತ್ರ ಕೊಡುವಂತೆ ಇಟ್ಟದ್ದು ಮಾನಕದ ತಪ್ಪು. ಎರಡನೆಯದು ಊರಿಗೊಂದು ಆಡುನುಡಿ. ಕರೆ, ಎಸ್ಸೆಮ್ಮೆಸ್ಸಿನ ತನಕ ಎಲ್ಲರದೂ ಒಂದೇ ಮಾತು. ಇಂಟರ್ನೆಟ್ ಸಂಪರ್ಕ ತೆರೆಯಬೇಕೆಂದಾಗ ಸಿಮ್‌ಕಾಮ್ ಒಂದು ಪದ ಬಳಸುತ್ತದೆ, ಕ್ವೆಕ್ಟೆಲ್ ಇನ್ನೊಂದು. ಮೋಡೆಮ್ ಬದಲಾಯಿಸಿದವನು ಪ್ರೋಗ್ರಾಮನ್ನೂ ಬದಲಾಯಿಸಬೇಕು. ಮೂರನೆಯದು, ಕೇಳಿದ ಪ್ರಶ್ನೆಗೆ ಉತ್ತರವೂ, ಕೇಳದೇ ಬರುವ ಸುದ್ದಿಯೂ ಒಂದೇ ತಂತಿಯಲ್ಲಿ ಬರುವುದು. ಸಿಗ್ನಲ್ ಎಷ್ಟೆಂದು ಕೇಳಿದ ಹೊತ್ತಿಗೇ ‘ರಿಂಗ್’ ಎಂಬ ಸಾಲು ನಡುವೆ ನುಸುಳುತ್ತದೆ.

ಆದರೂ ಭಾಷೆಗಿಂತ ಅದನ್ನು ಬಳಸುವ ನಮ್ಮ ರೂಢಿಯೇ ಹೆಚ್ಚು ಕೆಟ್ಟಿದೆ. ಒಂದು ತೋಟದ ಸ್ಟಾರ್ಟರ್ ದಿನಕ್ಕೆ ನಾಲ್ಕು ಸಲ ಸತ್ತು ಹುಟ್ಟುತ್ತಿತ್ತು. ತೋಟದ ಯಜಮಾನರು ಎರಡು ಸಿಮ್ ಬದಲಾಯಿಸಿದ್ದರು, ಆಂಟೆನಾವನ್ನು ಬಿದಿರಿನ ಗಳುವಿಗೆ ಕಟ್ಟಿದ್ದರು. ‘ಟವರ್ ಸರಿ ಇಲ್ಲ ಸಾರ್’ ಎಂಬುದು ಅವರ ತೀರ್ಮಾನ. ‘ಎಟಿ+ಸಿಎಸ್‌ಕ್ಯೂ’ ಕೇಳಿದೆ. 0ರಿಂದ 31ರ ಅಳತೆಯಲ್ಲಿ 22 ಬಂತು, ಸಿಗ್ನಲ್ಲಿಗೆ ಕೊರತೆಯಿಲ್ಲ. ಮಲ್ಟಿಮೀಟರ್ ಹಿಡಿದರೆ 4 ವೋಲ್ಟ್, ಅದೂ ಸರಿ. ಮೋಡೆಮ್ ಮಾತ್ರ ಸದ್ದಿಲ್ಲದೆ ಬೀಳುತ್ತಿತ್ತು. ಕೊನೆಗೆ, ಕೇಳದೇ ಸುದ್ದಿ ಹೇಳಲು ಅಡ್ಡಿಯಾಗಿದ್ದ, ವೇಗವನ್ನು ತಾನೇ ಊಹಿಸುವ ಅಭ್ಯಾಸ ಬಿಡಿಸಿ ‘ಎಟಿ+ಐಪಿಆರ್=9600’ ಎಂದು ಗಟ್ಟಿ ಮಾಡಿದೆ. ಮುಂದಿನ ಸಲ ಬೀಳುವ ಮುನ್ನ ಅದು ತೆರೆಯ ಮೇಲೆ ಒಂದು ಸಾಲು ಬರೆದೇ ಬಿದ್ದಿತು: ಅಂಡರ್ ವೋಲ್ಟೇಜ್.

ಕಾರಣ ಸರಳ. 2ಜಿ ಮೋಡೆಮ್ ಗಾಳಿಗೆ ಮಾತು ಬಿಡುವುದು ತುಣುಕು ತುಣುಕಾಗಿ: 4.6 ಮಿಲಿಸೆಕೆಂಡಿಗೊಮ್ಮೆ, ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು. ರೇಡಿಯೋ ಪಕ್ಕ ಹಳೆಯ ಮೊಬೈಲ್ ಇಟ್ಟಾಗ ಕೇಳುತ್ತಿದ್ದ ಟಿಟ್ಟಿಟ್ಟಿಟ್ ಸದ್ದು ಇದೇ. ಆ ಕ್ಷಣಕ್ಕೆ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಕೂದಲೆಳೆಯಂಥ ವೈರು, 1 ಆಂಪಿಯರಿನ ಅಡಾಪ್ಟರು ಅಷ್ಟನ್ನು ಕೊಡಲಾರವು. ಆ ಕುಸಿತ ಮಲ್ಟಿಮೀಟರಿನ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ವೈರು ಗಿಡ್ಡ ಮಾಡಿ, ದಪ್ಪದ್ದು ಹಾಕಿ, ಅಡಾಪ್ಟರು ಬದಲಿಸಿ, ಮೋಡೆಮ್ಮಿನ ಕಾಲಬುಡಕ್ಕೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದ ಮೇಲೆ ರೋಗ ವಾಸಿಯಾಯಿತು.

ಇಲ್ಲಿ ವಿಮರ್ಶೆಗೆ ಒಳಗಾಗಬೇಕಾದದ್ದು ಆ ಡಬ್ಬಿಯ ಪ್ರೋಗ್ರಾಮು. ಅಪ್ಪಣೆ ಕಳಿಸು, ಎರಡು ಸೆಕೆಂಡು ಕಾಯಿ, ಮುಂದಿನದು ಕಳಿಸು: ಅದರ ಬರವಣಿಗೆಯೇ ಹಾಗೆ. ಬಂದ ಉತ್ತರವನ್ನು ಓದುವ ಸಾಲೇ ಅದರಲ್ಲಿರಲಿಲ್ಲ. ನೆಟ್‌ವರ್ಕು ಸಿಗಲು ಒಮ್ಮೆ ಮೂರು ಸೆಕೆಂಡು ಸಾಕು, ಮತ್ತೊಮ್ಮೆ ಒಂದು ನಿಮಿಷ ಬೇಕು. ಗಡಿಯಾರ ನೋಡಿಕೊಂಡು ಮಾತಾಡುವವನಿಗೆ ಇದು ತಿಳಿಯುವುದು ಹೇಗೆ? ಇಂಥ ಪ್ರೋಗ್ರಾಮು ಮೇಜಿನ ಮೇಲೆ ಚೆನ್ನಾಗಿ ಓಡುತ್ತದೆ, ತೋಟಕ್ಕೆ ಹೋದಮೇಲೆ ಕೈಕೊಡುತ್ತದೆ.

ರಿಪೇರಿಯ ರೂಢಿಯಲ್ಲೂ ಇದೇ ಅವಸರ. ಎಲ್ಲರೂ ಮೇಲಿನ ಮೆಟ್ಟಿಲಿನಿಂದ ಹುಡುಕಲು ಶುರು ಮಾಡುತ್ತಾರೆ. ಹುಡುಕಬೇಕಾದದ್ದು ಬುಡದಿಂದ: ಮೊದಲು ಪವರ್, ಆಮೇಲೆ ತಂತಿ ಅದಲುಬದಲಾಗಿಲ್ಲವೇ ಎಂಬುದು, ಆಮೇಲೆ ಸಿಮ್, ನೆಟ್‌ವರ್ಕು, ಕೊನೆಗೆ ಎಪಿಎನ್, ಅಂದರೆ ಮೊಬೈಲ್ ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು. ಸಿಗ್ನಲ್ 25 ಇದ್ದೂ ಡೇಟಾ ಹೋಗುತ್ತಿಲ್ಲವೆಂದರೆ ಎಪಿಎನ್ ತಪ್ಪಿರುವ ಸಂಭವವೇ ಹೆಚ್ಚು. 2ಜಿ ಮೋಡೆಮ್ಮಿಗೆ ಜಿಯೋ ಸಿಮ್ ಹಾಕಿದರೆ ಸಿಮ್ ಸಿದ್ಧ ಎಂಬ ಉತ್ತರ ಬರುತ್ತದೆ, ನೆಟ್‌ವರ್ಕು ಮಾತ್ರ ಸಿಗುವುದಿಲ್ಲ. 2016ರಲ್ಲಿ ಶುರುವಾದಾಗಿನಿಂದ ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಇಂಥ ಡಬ್ಬಿಗೆ ಎಷ್ಟು ಉದ್ದದ ಆಂಟೆನಾ ಕಟ್ಟಿದರೂ ಅಷ್ಟೇ.

ಒಟ್ಟಾರೆ ನನ್ನ ಅಭಿಪ್ರಾಯ ಇದು: ಎಟಿ ಭಾಷೆ ಹಳೆಯದು, ಒರಟು, ಕೆಲವೆಡೆ ಜಿಪುಣ. ಆದರೆ ಸುಳ್ಳುಗಾರನಲ್ಲ. ಸ್ಟಾರ್ಟರ್ ತಯಾರಿಸುವವರಲ್ಲಿ ಮೂರು ಕೋರಿಕೆ. ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಸಿಎಂಇಇ=2 ಬರೆಯಿರಿ. ಮೋಡೆಮ್ ಆಡಿದ ಕೊನೆಯ ಇಪ್ಪತ್ತು ಸಾಲನ್ನಾದರೂ ಮೆಮೊರಿಯಲ್ಲಿ ಉಳಿಸಿ. ಸೀರಿಯಲ್ಲಿನ ಮೂರು ಪಿನ್ನುಗಳನ್ನು ಅಂಟು ಸುರಿದು ಮುಚ್ಚಬೇಡಿ, ರಿಪೇರಿಗೆ ಬಂದವನ ಕೈಗೆ ಸಿಗುವಂತೆ ಬಿಡಿ.