ಪಡಸಾಲೆ ಕಂಡವರು, ಒಳಮನೆ ಕಂಡವರು

ನಮ್ಮ ದೊಡ್ಡಬಳ್ಳಾಪುರದಲ್ಲಿ ಯಾರಾದರೂ 'ಮಗಳನ್ನು ಕಾನ್ವೆಂಟಿಗೆ ಹಾಕಿದ್ದೇವೆ' ಎಂದರೆ, ಅಲ್ಲಿ ಕನ್ಯಾಸ್ತ್ರೀಯರಿದ್ದಾರೆಯೆ ಎಂದು ಯಾರೂ ಕೇಳುವುದಿಲ್ಲ. ಕಾನ್ವೆಂಟ್ ಎಂದರೆ ಇಂಗ್ಲಿಷ್ ಮಾಧ್ಯಮದ ಶಾಲೆ, ಅಷ್ಟೆ. ಅದನ್ನು ನಡೆಸುವವರು ಯಾವ ಧರ್ಮದವರಾದರೂ ಆಗಿರಬಹುದು. ಬಾಗಿಲ ಮೇಲಿನ ಹೆಸರು ಯಾವ ದೇವರದಾದರೂ ಆಗಿರಬಹುದು. ಕ್ರೈಸ್ತ ಸಂನ್ಯಾಸಿನಿಯರ ಮಠ ಎಂಬ ಮೂಲಾರ್ಥ ಕನ್ನಡಕ್ಕೆ ಬರುವ ದಾರಿಯಲ್ಲಿ ಕಳಚಿಹೋಗಿ, ಇಂಗ್ಲಿಷ್ ಎಂಬ ಒಂದೇ ಅರ್ಥ ಉಳಿಯಿತು. ಒಂದು ಮಾತು ಏನನ್ನು ಬಿಟ್ಟು ಏನನ್ನು ಉಳಿಸಿಕೊಂಡಿತು ಎಂಬುದರಲ್ಲಿ ಅದನ್ನು ಆಡುವ ಜನದ ಆಸೆ ಕಾಣುತ್ತದೆ. ಬೀದಿಬೀದಿಯಲ್ಲಿ ಮಗ್ಗದ ಸದ್ದು ಕೇಳುವ ಈ ಊರಿನಲ್ಲಿ, ಮಗಳ ಬಾಳು ಮಗ್ಗದ ಮುಂದೆಯೇ ಸವೆಯದಿರಲಿ ಎಂದು ಬಯಸುವ ತಂದೆತಾಯಿಯರ ಹಂಬಲವೆಲ್ಲ ಆ ಒಂದು ಮಾತಿನಲ್ಲಿದೆ.

ಆ ಹಂಬಲವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕಾನ್ವೆಂಟಿನ ಒಳಗು ಹೇಗಿರುತ್ತದೆ, ಅದರಲ್ಲಿಯೂ ಹುಡುಗಿಯರು ಮನೆ ಬಿಟ್ಟು ವರ್ಷಗಟ್ಟಲೆ ಉಳಿಯುವ ವಸತಿಶಾಲೆಯ ಬಾಳು ಎಂಥದು ಎಂಬುದನ್ನು ತಿಳಿಯಬೇಕಾದರೆ ಯಾರ ಮಾತು ಕೇಳಬೇಕು? ಈ ಪ್ರಶ್ನೆಗೆ ಉತ್ತರವಾಗಿ ಎರಡು ಕಾದಂಬರಿಗಳ ವಿಷಯವನ್ನು ವಾಚಕರ ಮುಂದಿಡಬೇಕೆನಿಸಿದೆ. ಎರಡೂ ಆಫ್ರಿಕದವು, ಎರಡೂ ಹೆಂಗಸರು ಬರೆದವು. ಒಂದು, ರುವಾಂಡದ ಸ್ಕೊಲಾಸ್ಟಿಕ್ ಮುಕಸೊಂಗ ಫ್ರೆಂಚಿನಲ್ಲಿ ಬರೆದು 2012ರಲ್ಲಿ ಪ್ರಕಟಿಸಿದ 'ನೈಲ್ ನದಿಯ ಮಾತೆ'. ನಾನು ಓದಿದ್ದು ಮೆಲನಿ ಮೌತ್ನರ್ ಅವರ ಇಂಗ್ಲಿಷ್ ಅನುವಾದದಲ್ಲಿ. ಇನ್ನೊಂದು, ಜಿಂಬಾಬ್ವೆಯ ತ್ಸಿತ್ಸಿ ಡಂಗರೆಂಬ್ಗ ಇಂಗ್ಲಿಷಿನಲ್ಲಿಯೇ ಬರೆದ 'ನರ್ವಸ್ ಕಂಡಿಷನ್ಸ್'. ಅದು ಬಂದದ್ದು 1988ರಲ್ಲಿ.

ಮಿಷನ್ ಶಾಲೆಗಳ ಚರಿತ್ರೆ ನಮಗೂ ಹೊಸದಲ್ಲ. ಬೆಂಗಳೂರಿಗೆ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1854ರಲ್ಲಿಯೇ ಬಂದರು. 1870ರಲ್ಲಿ ಮಂಗಳೂರಿಗೆ ಬಂದ ಕಾರ್ಮೆಲ್ ಸಭೆಯವರು ಸಂತ ಅನ್ನಮ್ಮನ ಹೆಸರಿನಲ್ಲಿ ಕಾನ್ವೆಂಟು ಕಟ್ಟಿದರು; ಅದೇ ಸಭೆ 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನೂ 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನೂ ತೆರೆಯಿತು. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಕೆಲಸವೇನಲ್ಲ. 1876ರಿಂದ 1878ರವರೆಗಿನ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯ ಹಳ್ಳಿಗಳು ಬರಿದಾದಾಗ ತಬ್ಬಲಿ ಮಕ್ಕಳನ್ನು ಕೂಡಿಹಾಕಿ ಅನ್ನವಿಟ್ಟವರಲ್ಲಿ ಮಿಷನ್‌ಗಳೂ ಇದ್ದವು. ಆದರೆ ಇವನ್ನೆಲ್ಲ ನಾವು ತಿಳಿದಿರುವುದು ಬಹುಮಟ್ಟಿಗೆ ವರದಿಗಳಿಂದ, ಸ್ಮರಣ ಸಂಚಿಕೆಗಳಿಂದ, ಶಾಲೆಗಳಲ್ಲಿ ಮೇಜಿನ ಮೇಲಿಟ್ಟಿರುವ ಸಂದರ್ಶಕರ ಪುಸ್ತಕದಿಂದ. ಆ ಪುಸ್ತಕದಲ್ಲಿ ಬರೆಯುವ ಮಾತುಗಳು ಎಲ್ಲ ಕಡೆಯೂ ಒಂದೇ: ಆವರಣ ಚೊಕ್ಕಟವಾಗಿದೆ, ಮಕ್ಕಳು ಶಿಸ್ತಿನಿಂದಿದ್ದಾರೆ, ಪ್ರಾರ್ಥನೆ ಇಂಪಾಗಿತ್ತು. ಬರೆದವರು ಸುಳ್ಳು ಹೇಳಿರುವುದಿಲ್ಲ. ಅವರು ಕಂಡದ್ದು ಪಡಸಾಲೆ.

ಮುಕಸೊಂಗರ ಕಾದಂಬರಿಯ ಶಾಲೆ ಒಂದು ಬೆಟ್ಟದ ತುದಿಯಲ್ಲಿದೆ. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರ್ ಎತ್ತರ. ಅಲ್ಲ, ಏಳು ಮೀಟರ್ ಕಡಿಮೆ ಎಂದು ತಿದ್ದುವ ಭೂಗೋಳದ ಸಿಸ್ಟರ್ ಒಬ್ಬರು ಅಲ್ಲಿದ್ದಾರೆ. ಪಕ್ಕದಲ್ಲಿ ನೈಲ್ ನದಿಯ ಒಂದು ಮೂಲವೆಂದು ಹೇಳುವ ಒರತೆ. ಅದರ ಬಳಿ, ಬಿಳಿಯ ಮೈಗೆ ಕಪ್ಪು ಬಣ್ಣ ಬಳಿದ ಮೇರಿಮಾತೆಯ ವಿಗ್ರಹ. ಮಂತ್ರಿಗಳ, ಸೇನಾಧಿಕಾರಿಗಳ, ಸಾಹುಕಾರರ ಹೆಣ್ಣುಮಕ್ಕಳು ಇಲ್ಲಿಗೆ ಬರುತ್ತಾರೆ. ಊರಿನಿಂದ ದೂರ, ಗಂಡುಮಕ್ಕಳಿಂದ ದೂರ, ದೇವರಿಗೆ ಹತ್ತಿರ ಎಂಬುದು ಶಾಲೆಯ ಹೆಗ್ಗಳಿಕೆ. ಫ್ರೆಂಚ್ ಬಿಟ್ಟು ಬೇರೆ ನುಡಿ ಆಡುವಂತಿಲ್ಲ. ಚರಿತ್ರೆ ಎಂದರೆ ಯೂರೋಪಿನದು. ಆಫ್ರಿಕಕ್ಕೆ ಇರುವುದು ಭೂಗೋಳ ಮಾತ್ರ. ನೈಲ್ ನದಿಯ ಮೂಲವನ್ನು ಬಿಳಿಯರು ಹುಡುಕಿ ಹೊರಟ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರ 'ಮಹಾನದಿ ನೈಲ್'ನಿಂದಾಗಿ ಕನ್ನಡ ವಾಚಕರು ಬಲ್ಲರು. ಅದೇ ನದಿಯ ಹೆಸರು ಹೊತ್ತ ಈ ಶಾಲೆಯಲ್ಲಿ ಹುಡುಕಾಟ ಬೇರೆಯದು: ತಾನು ಯಾರು ಎಂದು ಇತರರು ತೀರ್ಮಾನಿಸುವ ಮೊದಲೇ ತಿಳಿದುಕೊಳ್ಳಲು ಹುಡುಗಿಯರು ಪಡುವ ಪಾಡು.

ಕಾದಂಬರಿಯಲ್ಲಿ ಬೆಲ್ಜಿಯಂ ದೇಶದ ರಾಣಿ ಫೇಬಿಯೋಲಾ ಈ ಶಾಲೆಯನ್ನು ನೋಡಲು ಬರುವ ಪ್ರಸಂಗವಿದೆ. ರಾಣಿಗಾಗಿ ಶಾಲೆ ಸಿಂಗಾರಗೊಳ್ಳುತ್ತದೆ. ರಾಣಿ ಕಾಣುವುದು ಆ ಸಿಂಗಾರವನ್ನು. ಆದರೆ ಲೇಖಕಿ ನಮ್ಮನ್ನು ಕರೆದೊಯ್ಯುವುದು ದೀಪ ಆರುವ ಮುಂಚಿನ ಮಲಗುಕೋಣೆಗೆ. ಊಟದ ಮನೆಯಲ್ಲಿ ಬಿಳಿಯರ ಡಬ್ಬಿ ಆಹಾರ ತಿಂದು ಬೇಸತ್ತ ಹುಡುಗಿಯರು ಊರಿನಿಂದ ತಂದ ತಿನಿಸಿನ ಗಂಟು ಬಿಚ್ಚುತ್ತಾರೆ. ಬಾಳೆಕಾಯಿಯನ್ನು ಹೇಗೆ ಬೇಯಿಸಿದರೆ ರುಚಿ ಎಂಬ ವಿಷಯದಲ್ಲಿ ದೊಡ್ಡ ವಾದ ಹುಟ್ಟುತ್ತದೆ. ಪ್ರತಿಯೊಬ್ಬಳಿಗೂ ತನ್ನ ತಾಯಿಯ ಕೈಯಡುಗೆಯೇ ಪ್ರಮಾಣ. ಚಟ್ನಿಪುಡಿಯ ಡಬ್ಬಿಯನ್ನೂ ಹುರಿಟ್ಟಿನ ಗಂಟನ್ನೂ ಟ್ರಂಕಿನ ತಳದಲ್ಲಿಟ್ಟು ಹಾಸ್ಟೆಲಿಗೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಫ್ರೆಂಚ್ ಮಾತ್ರ ಆಡಬೇಕೆಂಬ ಕಟ್ಟಳೆ ನಾಲಗೆಯ ರುಚಿಯ ಮುಂದೆ ನಿಲ್ಲುವುದಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟಗಳು ಇವು. ಈ ಹುಡುಗಿಯರಲ್ಲಿ ಕೆಲವರು ಇನ್ನು ಕೆಲವರನ್ನು ಕೊಲ್ಲಿಸಲು ಹೊರಡುವರೆಂಬುದು ಆ ನಗುವಿನಲ್ಲಿ ಕಾಣದು. ಕಾಣದಂತೆ ಬರೆದಿರುವುದರಲ್ಲಿಯೇ ಲೇಖಕಿಯ ಶಕ್ತಿಯಿದೆ.

ಕಥೆ ನಡೆಯುವುದು 1970ರ ದಶಕದ ಮೊದಲ ವರ್ಷಗಳಲ್ಲಿ. ಇಪ್ಪತ್ತು ಹುಡುಗಿಯರ ಕೊನೆಯ ತರಗತಿಯಲ್ಲಿ ತುತ್ಸಿ ಜನದವರು ಇಬ್ಬರೇ: ವರ್ಜೀನಿಯ, ವೆರೋನಿಕ. ನೂರಕ್ಕೆ ಹತ್ತು ಎಂಬ ಕೋಟಾ ಅವರ ಪಾಲಿಗೆ. ಇಲ್ಲಿ ನಮ್ಮ ವಾಚಕರು ತುಸು ಎಚ್ಚರದಿಂದಿರಬೇಕು. ಕೋಟಾ ಎಂದೊಡನೆ ನಮ್ಮ ಮೀಸಲಾತಿ ನೆನಪಾಗುತ್ತದೆ; ಎರಡರ ಉದ್ದೇಶವೂ ತದ್ವಿರುದ್ಧ. ನಮ್ಮದು, ಶತಮಾನಗಳಿಂದ ಹೊರಗೆ ನಿಂತವರಿಗೆ ಬಾಗಿಲು ತೆರೆಯಲು ಮಾಡಿದ್ದು. ರುವಾಂಡದ್ದು, ಒಂದು ಜನ ಇಷ್ಟಕ್ಕಿಂತ ಹೆಚ್ಚು ಒಳಗೆ ಬರಕೂಡದು ಎಂದು ಬಾಗಿಲನ್ನು ಮುಕ್ಕಾಲು ಮುಚ್ಚಲು ಮಾಡಿದ್ದು. ಹುಟು, ತುತ್ಸಿ ಎಂಬ ಭೇದವನ್ನು ಗುರುತಿನ ಚೀಟಿಯಲ್ಲಿ ಮುದ್ರಿಸಿ ಕಲ್ಲಿನ ಮೇಲಿನ ಗೆರೆಯಾಗಿಸಿದ್ದು 1930ರ ದಶಕದ ಬೆಲ್ಜಿಯಂ ಆಡಳಿತ. 1962ರಲ್ಲಿ ಸ್ವಾತಂತ್ರ್ಯ ಬಂದಮೇಲೂ ಆ ಗೆರೆ ಅಳಿಯಲಿಲ್ಲ.

ಮಂತ್ರಿಯ ಮಗಳು ಗ್ಲೋರಿಯೋಸ ಒಂದು ದಿನ ಮೇರಿಮಾತೆಯ ಮೂಗನ್ನು ಒಡೆಯಲು ಹೊರಡುತ್ತಾಳೆ. ಆ ಮೂಗು ತುತ್ಸಿಯವರ ಮೂಗಿನಂತಿದೆ, ಅದನ್ನು ಬಹುಸಂಖ್ಯಾತ ಜನದ ಮೂಗಾಗಿ ತಿದ್ದಬೇಕು ಎಂಬುದು ಅವಳ ಹಟ. ಓದುವಾಗ ಮೊದಲು ನಗೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಣ್ಣಾದ ಬಟ್ಟೆಗೆ ಕಾರಣ ಹೇಳಲು ಅವಳು ಹೂಡುವ ಒಂದು ಸುಳ್ಳಿನಿಂದ ಬೇಟೆ ಮೊದಲಾಗುತ್ತದೆ. ವೆರೋನಿಕ ಕೊಲೆಯಾಗುತ್ತಾಳೆ, ವರ್ಜೀನಿಯ ಒಬ್ಬ ಹುಟು ಗೆಳತಿಯ ನೆರವಿನಿಂದ ಉಳಿಯುತ್ತಾಳೆ. ಮೂಗಿನ ಅಳತೆಯಲ್ಲಿ ಮನುಷ್ಯರ ಮೇಲುಕೀಳನ್ನು ಹುಡುಕುವ ಈ ಹುಚ್ಚು ಆಫ್ರಿಕದ್ದು ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹರ್ಬರ್ಟ್ ರಿಸ್ಲಿ ಬಂಗಾಳದಲ್ಲಿಯೂ ಎಡ್ಗರ್ ಥರ್ಸ್ಟನ್ ಮದರಾಸಿನಲ್ಲಿಯೂ ಅಳತೆಯ ಇಕ್ಕಳ ಹಿಡಿದು ನಮ್ಮ ಜಾತಿಗಳ ಮೂಗುಗಳನ್ನು ಅಳೆದರು. ಮೂಗು ಅಗಲವಾದಷ್ಟೂ ಜಾತಿ ಕೆಳಗೆಂದು ರಿಸ್ಲಿ ಸಿದ್ಧಾಂತವನ್ನೇ ಕಟ್ಟಿದನು. ಆ ಸಿದ್ಧಾಂತ ಬಿದ್ದುಹೋಗಿದೆ. ಮದುವೆಯ ಜಾಹೀರಾತುಗಳಲ್ಲಿ ಮೈಬಣ್ಣದ ವಿವರ ಮಾತ್ರ ಇನ್ನೂ ನಿಂತಿಲ್ಲ.

ಮುಕಸೊಂಗ ಇದನ್ನೆಲ್ಲ ದೂರದಿಂದ ನೋಡಿ ಬರೆದವರಲ್ಲ. 1956ರಲ್ಲಿ ಹುಟ್ಟಿದ ಆಕೆ ತುತ್ಸಿ. ಕಿಗಾಲಿಯ ಕ್ಯಾಥೊಲಿಕ್ ವಸತಿಶಾಲೆಯಲ್ಲಿ ಕೋಟಾದ ಅಡಿಯಲ್ಲಿಯೇ ಓದಿದರು. 1973ರಲ್ಲಿ ತುತ್ಸಿ ವಿದ್ಯಾರ್ಥಿಗಳನ್ನು ಅಟ್ಟಿದಾಗ ಬುರುಂಡಿಗೆ ಓಡಿದರು. ಸುಮಾರು ಎಂಟು ಲಕ್ಷ ಜನ ನೂರು ದಿನಗಳಲ್ಲಿ ಹತರಾದ 1994ರ ನರಮೇಧದಲ್ಲಿ ಮನೆಯವರಲ್ಲಿ ಹೆಚ್ಚಿನವರನ್ನು ಕಳೆದುಕೊಂಡರು. ಇಷ್ಟು ಕಂಡವರು ಇಷ್ಟು ಹಾಸ್ಯದಿಂದ ಬರೆಯಬಲ್ಲರೆಂಬುದೇ ಆಶ್ಚರ್ಯ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಗ್ಲೋರಿಯೋಸ ಮೊದಲಿನಿಂದ ಕೊನೆಯವರೆಗೂ ಒಂದೇ ಬಣ್ಣದ ಪಾತ್ರ. ಆ ದ್ವೇಷ ಅವಳ ಮನೆಯ ಊಟದ ಮೇಜಿನ ಮೇಲೆ ಹೇಗೆ ಬಡಿಸಲ್ಪಟ್ಟಿತು ಎಂಬುದನ್ನು ಕಾಣುವ ಅವಕಾಶ ನಮಗಿಲ್ಲ. ಹುಡುಗಿಯರಿಗೆ ಬಟ್ಟೆಯ ಆಸೆ ತೋರಿಸುವ ಪಾದ್ರಿ, ತುತ್ಸಿ ಹುಡುಗಿಯರಲ್ಲಿ ಈಜಿಪ್ಟಿನ ರಾಣಿಯರನ್ನು ಕಾಣುವ ಮುದಿ ಬಿಳಿಯ ತೋಟಗಾರ, ಇವರೂ ವ್ಯಂಗ್ಯಚಿತ್ರದ ಗೆರೆಯನ್ನು ದಾಟುವುದು ಅಪರೂಪ.

ಈ ಕೊರತೆ ಡಂಗರೆಂಬ್ಗರ ಕಾದಂಬರಿಯಲ್ಲಿಲ್ಲ. ಅಲ್ಲಿ ಎಲ್ಲವೂ ಒಬ್ಬ ಹುಡುಗಿಯ ಕಣ್ಣಿನಲ್ಲಿ, ನಿಧಾನವಾಗಿ ನಡೆಯುತ್ತದೆ. ಬಿಳಿಯರ ಆಳ್ವಿಕೆಯ ರೊಡೇಶಿಯದ ಹಳ್ಳಿಯ ಹುಡುಗಿ ತಂಬು. ಅಣ್ಣನಿಗೆ ಶಾಲೆ, ಅವಳಿಗೆ ಹೊಲ. ಶಾಲೆಯ ಫೀಸಿಗಾಗಿ ಅವಳು ತಾನೇ ಜೋಳ ಬೆಳೆಯುತ್ತಾಳೆ. ಅಣ್ಣ ಸತ್ತಮೇಲೆಯೇ ಅವಳಿಗೆ ದಾರಿ ತೆರೆಯುತ್ತದೆ. ತನಗೆ ದುಃಖವಾಗಲಿಲ್ಲ ಎಂದು ಅವಳು ಕಥೆಯ ಬಾಯಿಗೇ ಹೇಳಿಬಿಡುತ್ತಾಳೆ. ಆ ಒಂದು ಮಾತಿನ ಕಠೋರ ಪ್ರಾಮಾಣಿಕತೆ ಪುಸ್ತಕವನ್ನು ಕೊನೆಯವರೆಗೂ ಎತ್ತಿ ಹಿಡಿದಿದೆ. ದೊಡ್ಡಪ್ಪನ ಮಿಷನ್ ಶಾಲೆಯಿಂದ ಅವಳು 'ಸೇಕ್ರೆಡ್ ಹಾರ್ಟ್' ಎಂಬ ಕನ್ಯಾಸ್ತ್ರೀಯರ ವಸತಿಶಾಲೆಗೆ ವಿದ್ಯಾರ್ಥಿವೇತನ ಗೆದ್ದು ಹೋಗುತ್ತಾಳೆ. ಅಲ್ಲಿ ಕಪ್ಪು ಹುಡುಗಿಯರಿಗೆಲ್ಲ ಸೇರಿ ಒಂದೇ ಇಕ್ಕಟ್ಟು ಕೋಣೆ. ಈ ಇಂಗ್ಲಿಷ್‌ತನ ಮಕ್ಕಳನ್ನು ತಿಂದುಹಾಕುತ್ತದೆ ಎಂದು ತಾಯಿ ನಂಬುತ್ತಾಳೆ. ಆ ಮಾತನ್ನು ಮಗಳು ಆಗ ಮೂದಲಿಸದಿದ್ದರೂ ಮನಸ್ಸಿಗೆ ಹಚ್ಚಿಕೊಳ್ಳಲು ಬಹಳ ಕಾಲ ಬೇಕಾಗುತ್ತದೆ. 2006ರಲ್ಲಿ ಬಂದ ಮುಂದಿನ ಭಾಗ 'ದಿ ಬುಕ್ ಆಫ್ ನಾಟ್' ಬಹುಮಟ್ಟಿಗೆ ಆ ಶಾಲೆಯ ಒಳಗಿನ ಕಥೆ: ಬಿಳಿಯ ಹುಡುಗಿಯರ ಶೌಚಗೃಹವನ್ನು ಕಪ್ಪು ಹುಡುಗಿಯರು ಬಳಸುವಂತಿಲ್ಲ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ತಂಬು, ಬಹುಮಾನ ಹೋಗುವುದು ಬಿಳಿಯ ಸಹಪಾಠಿಗೆ. ಯಾವ ಸಂದರ್ಶಕರ ಪುಸ್ತಕದಲ್ಲಿಯೂ ಶೌಚಗೃಹದ ವಿಷಯ ಬಂದಿರಲಾರದು.

ಹಾಗಾದರೆ ಈ ಶಾಲೆಗಳು ಬರೀ ಕೇಡಿನ ಮನೆಗಳೆ? ಈ ಕಾದಂಬರಿಗಳು ಹಾಗೆನ್ನುವುದಿಲ್ಲ, ನಾನೂ ಅನ್ನಲಾರೆ. ಮುಕಸೊಂಗ ತಮ್ಮ ಸತ್ತವರ ಕಥೆಯನ್ನು ಲೋಕಕ್ಕೆ ಹೇಳಿದ್ದು ಶಾಲೆ ಕೊಟ್ಟ ಫ್ರೆಂಚಿನಲ್ಲಿಯೇ. ತಂಬು ಹಳ್ಳಿಯಲ್ಲಿಯೇ ಉಳಿದಿದ್ದರೆ ತನ್ನ ಕಥೆಯನ್ನು ಬರೆಯುತ್ತಿರಲಿಲ್ಲ. ಅಕ್ಷರ ಕೊಟ್ಟ ಕೈಯೇ ಅವಮಾನವನ್ನೂ ಕೊಟ್ಟಿತು. ಆ ಅಕ್ಷರದಿಂದಲೇ ಆ ಅವಮಾನದ ಲೆಕ್ಕ ಬರೆಯಲಾಯಿತು. ಒಂದನ್ನು ಮುಚ್ಚಿ ಇನ್ನೊಂದನ್ನು ಮಾತ್ರ ಹೇಳುವ ಸ್ಮರಣ ಸಂಚಿಕೆಗೂ, ನಿಂದೆಯ ಕರಪತ್ರಕ್ಕೂ ಇಲ್ಲದ ನ್ಯಾಯ ಈ ಕಾದಂಬರಿಗಳಲ್ಲಿದೆ.

ಕನ್ನಡದಲ್ಲಿ ಗಂಡುಮಕ್ಕಳ ಹಾಸ್ಟೆಲು ಸಾಹಿತ್ಯಕ್ಕೆ ಬಂದಿದೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಓದಿದವರು ಅಲ್ಲಿನ ಹಸಿವನ್ನೂ ನಗೆಯನ್ನೂ ಮರೆಯಲಾರರು. ಹೆಣ್ಣುಮಕ್ಕಳ ವಸತಿಶಾಲೆಯ ಒಳಮನೆಯನ್ನು ಅಷ್ಟೇ ಬಿಚ್ಚುಮಾತಿನಲ್ಲಿ ತೋರಿಸುವ ಕೃತಿಗಾಗಿ ನಾನು ಕಾಯುತ್ತಿದ್ದೇನೆ. ಬರೆಯಬಲ್ಲವರು ಇಲ್ಲವೆಂದಲ್ಲ. ಮಂಗಳೂರಿನ ಹಳೆಯ ಕಾನ್ವೆಂಟುಗಳಷ್ಟೇ ಏಕೆ, 2004ರಿಂದ ಈಚೆಗೆ ಬಂದ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿಶಾಲೆಗಳು, ಇವುಗಳಿಂದ ಹಳ್ಳಿಯ ಹುಡುಗಿಯರು ತಂಡತಂಡವಾಗಿ ಓದಿ ಹೊರಬಂದಿದ್ದಾರೆ. ಅಲ್ಲಿ ಯಾರ ಪಕ್ಕ ಯಾರು ಮಲಗಿದರು, ಯಾರ ತಟ್ಟೆಯನ್ನು ಯಾರು ಮುಟ್ಟಲಿಲ್ಲ, ಯಾರ ಕನ್ನಡವನ್ನು ಕೇಳಿ ಯಾರು ನಕ್ಕರು, ಯಾರಿಗಾಗಿ ಯಾರು ಅತ್ತರು ಎಂಬುದು ಅವರಿಗೇ ಗೊತ್ತು.

ವಾಚಕರಲ್ಲಿ ಅನೇಕರು ಮಕ್ಕಳನ್ನು ದೂರದ ಶಾಲೆಗೆ ಕಳಿಸಿದವರು. ತಿಂಗಳಿಗೊಮ್ಮೆ ಹೋಗಿ ಪಡಸಾಲೆಯ ಬೆಂಚಿನ ಮೇಲೆ ಕುಳಿತು, ಒಗೆದ ಲಂಗ, ಎಣ್ಣೆ ಹಚ್ಚಿದ ಜಡೆ ನೋಡಿ ಸಮಾಧಾನಪಟ್ಟು ಬರುವವರು. ಈ ಎರಡು ಕಾದಂಬರಿಗಳನ್ನು ಅವರು ಓದಬೇಕು. ಓದಿದಮೇಲೆ ಮಗಳನ್ನು ಮನೆಗೆ ಕರೆತರಬೇಕೆಂದೇನೂ ಇಲ್ಲ. 'ಅಂಕ ಎಷ್ಟು' ಎಂದು ಕೇಳುವ ಮೊದಲು 'ನಿನ್ನ ಪಕ್ಕದ ಮಂಚದವಳು ಯಾರಮ್ಮ, ಅವಳು ಹೇಗಿದ್ದಾಳೆ' ಎಂದು ಕೇಳುವ ಬುದ್ಧಿ ಬಂದರೆ ಸಾಕು.