ದೀನಳ ಮೌನ: ಆದಿಕಾಂಡ 34ರಲ್ಲಿ ‘ಮರ್ಯಾದೆ’ಯ ವಿಮರ್ಶೆ

ಆದಿಕಾಂಡದ 34ನೆಯ ಅಧ್ಯಾಯವನ್ನು ನಮ್ಮ ಪ್ರಸಂಗಪೀಠಗಳು ಅಪರೂಪವಾಗಿ ಕೈಗೆತ್ತಿಕೊಳ್ಳುತ್ತವೆ. ಕೈಗೆತ್ತಿಕೊಂಡಾಗಲೂ ದೀನಳು ಮನೆಯಿಂದ ಹೊರಗೆ ಹೋದದ್ದೇ ಅನರ್ಥದ ಮೂಲವೆಂದು ಬೋಧಿಸುವುದುಂಟು. ಈ ವ್ಯಾಖ್ಯಾನ ಹಳೆಯದು. 12ನೆಯ ಶತಮಾನದ ಕ್ಲೇರ್ವೋದ ಬರ್ನಾರ್ಡನೂ ಅವಳ ಕುತೂಹಲವನ್ನೇ ದೂಷಿಸಿದನು. ಆದರೆ ಗ್ರಂಥದ ನಿರೂಪಕನು ಅವಳ ಮೇಲೆ ಯಾವ ದೋಷವನ್ನೂ ಹೊರಿಸುವುದಿಲ್ಲ.

ಈ ಅಧ್ಯಾಯದಲ್ಲಿ ಯಾರು ಮಾತಾಡುತ್ತಾರೆಂಬುದನ್ನು ಗಮನಿಸಬೇಕು. ಹಮೋರನು ಸಂಬಂಧ ಬೆಳೆಸಲು ಕೇಳುತ್ತಾನೆ. ಶೆಕೆಮನು ಎಷ್ಟು ತೆರವನ್ನಾದರೂ ಕೊಡುವೆನೆನ್ನುತ್ತಾನೆ. ಸಹೋದರರು ವಂಚನೆಯಿಂದ ಉತ್ತರಿಸುತ್ತಾರೆ. ಯಾಕೋಬನು ತನ್ನ ಕುಲದ ಕ್ಷೇಮಕ್ಕಾಗಿ ಅಂಜುತ್ತಾನೆ. ಅನ್ಯಾಯಕ್ಕೊಳಗಾದ ದೀನಳು ಮಾತ್ರ ಒಂದು ಮಾತನ್ನೂ ಆಡುವುದಿಲ್ಲ, ಅವಳನ್ನು ಯಾರೂ ಕೇಳುವುದೂ ಇಲ್ಲ. ಅವಳಿಗಾದ ಹಿಂಸೆಯು ಕುಟುಂಬದ ಗಂಡಸರಿಗಾದ ಅವಮಾನವೆಂದು ಎಣಿಕೆಯಾಗುತ್ತದೆ. ಸಿಮೆಯೋನನೂ ಲೇವಿಯೂ ಊರಿನ ಗಂಡಸರೆಲ್ಲರನ್ನು ಕೊಂದ ಮೇಲೆ ಅಲ್ಲಿಯ ಸ್ತ್ರೀಯರೂ ಮಕ್ಕಳೂ ಸೆರೆಯಾಗುತ್ತಾರೆ. ಸಹೋದರಿಯ ಮಾನಕ್ಕಾಗಿ ಎಂದು ಹೂಡಿದ ಸೇಡು ಬೇರೆ ಸ್ತ್ರೀಯರನ್ನು ಕೊಳ್ಳೆಯ ವಸ್ತುವಾಗಿಸಿತು.

ಮರ್ಯಾದೆಯ ಹೆಸರಿನ ಹಿಂಸೆಗೆ ಮೂಲಕಾರಣ ಇಲ್ಲಿ ತೋರುತ್ತದೆ: ಸ್ತ್ರೀಯ ದೇಹವನ್ನು ಕುಲದ ಹೆಸರನ್ನಿರಿಸುವ ಭಂಡಾರವೆಂದು ಭಾವಿಸುವುದು. ಅತ್ಯಾಚಾರವನ್ನು ‘ಮಾನಭಂಗ’ವೆನ್ನುವ ನಮ್ಮ ನುಡಿಯೂ ಇದೇ ಭಾವನೆಯನ್ನು ಹೊತ್ತಿದೆ, ಕೇಡು ಮಾಡಿದವನ ಮಾನವು ಆ ಮಾತಿನಲ್ಲಿ ಭಂಗವಾಗುವುದೇ ಇಲ್ಲ. 38ನೆಯ ಅಧ್ಯಾಯವು ಈ ತಾರತಮ್ಯವನ್ನು ಬಯಲು ಮಾಡುತ್ತದೆ. ವಿಧವೆಯಾದ ಸೊಸೆ ತಾಮಾರಳು ಗರ್ಭಿಣಿಯೆಂದು ಕೇಳಿದ ಕೂಡಲೇ ಯೆಹೂದನು ಅವಳನ್ನು ಸುಡಿಸಲು ಆಜ್ಞಾಪಿಸುತ್ತಾನೆ. ತನ್ನದೇ ಮುದ್ರೆಯೂ ಕೋಲೂ ಎದುರಿಗೆ ಬಂದಾಗ ಅವಳೇ ತನಗಿಂತ ನೀತಿವಂತಳೆಂದು ಒಪ್ಪಿಕೊಳ್ಳುತ್ತಾನೆ. ಮತ್ತಾಯನು ಯೇಸುವಿನ ವಂಶಾವಳಿಯಲ್ಲಿ ಹೆಸರಿಸಿದ್ದು ಈ ತಾಮಾರಳನ್ನೇ.

ಭಾರತದಲ್ಲಿ ಈ ಭಾವನೆಗೆ ಜಾತಿಯ ಬಲವೂ ಕೂಡಿದೆ. ಸ್ವಜಾತಿ ವಿವಾಹವೇ ಜಾತಿಯ ಸಾರವೆಂದು ಅಂಬೇಡ್ಕರರು 1916ರಲ್ಲೇ ವಾದಿಸಿದರು. ಮಗಳು ತಾನಾಗಿ ವರನನ್ನು ಆರಿಸಿದಾಗ ಆ ಗೋಡೆ ಕುಸಿಯುವುದರಿಂದಲೇ ಅವಳ ಆಯ್ಕೆ ಅಪರಾಧವಾಗುತ್ತದೆ. ಸಭೆಯು ಇದರಿಂದ ಹೊರತಲ್ಲ. 2018ರಲ್ಲಿ ಕೇರಳದಲ್ಲಿ ಪ್ರೇಮವಿವಾಹವಾದ ದಲಿತ ಕ್ರೈಸ್ತ ಯುವಕನೊಬ್ಬನ ಕೊಲೆಯಾಯಿತು. 2019ರಲ್ಲಿ ಕೋಟಯಂ ನ್ಯಾಯಾಲಯವು ಅದನ್ನು ಮರ್ಯಾದೆಗೇಡು ಹತ್ಯೆಯೆಂದು ಪರಿಗಣಿಸಿ, ವಧುವಿನ ಸಹೋದರನೂ ಸೇರಿದಂತೆ 10 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಆದುದರಿಂದ ಸಭಾಪಾಲಕನ ಹೊಣೆ ಪ್ರಸಂಗಕ್ಕೆ ಮುಗಿಯದು. ಕಳೆದುಹೋದ ಮಾನದ ಬಗ್ಗೆ ಹೆತ್ತವರು ದೂರು ತಂದಾಗ, ಆತನು ಮೊದಲು ಮಗಳ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ಪ್ರಾಣಭಯವಿದ್ದರೆ ಮನೆಗೆ ಹಿಂದಿರುಗೆಂದು ಬುದ್ಧಿ ಹೇಳದೆ ರಕ್ಷಣೆ ದೊರಕಿಸಬೇಕು. ಇಂಥ ಜೋಡಿಗಳನ್ನು ಕಾಪಾಡುವಂತೆ 2018ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಯಾಕೋಬನ ಮನೆಯಲ್ಲಿ ಯಾರೂ ಕೇಳದೆ ಬಿಟ್ಟ ಮಾತನ್ನು ಸಭೆಯಾದರೂ ಕೇಳಲಿ.